ಎರಡು ಬೆರಳಗಲದ ಕಾರಣ

ಆ ನಮೂನೆಯ ಕೊನೆಯ ಕಾಲಂ ನನ್ನ ಎರಡು ಬೆರಳಿನಷ್ಟು ಅಗಲವಿತ್ತು. ತೋರುಬೆರಳು, ನಡುಬೆರಳು ಜೋಡಿಸಿ ಇಟ್ಟರೆ ಗೆರೆಯಿಂದ ಗೆರೆಗೆ ಸರಿಯಾಗಿ ಕೂರುತ್ತಿತ್ತು. ಮೇಲೆ ‘ಕಾರಣ’ ಎಂದು ಅಚ್ಚಾಗಿತ್ತು. ಅದರ ಎಡಕ್ಕಿದ್ದ ಆರು ಕಾಲಂಗಳು ಅಂಕಿಗಳಿಗೆ. ಅವು ಧಾರಾಳವಾಗಿದ್ದವು, ಕೋಟಿಯವರೆಗೂ ಬರೆಯಬಹುದಿತ್ತು. ನಮ್ಮ ಕಚೇರಿ ಕೋಟಿಯ ಮುಖ ಯಾವತ್ತೂ ಕಂಡದ್ದಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿ, ಪರೀಕ್ಷೆ ಬರೆದು, ಕಲ್ಯಾಣ ಇಲಾಖೆಯೊಂದರ ಸಣ್ಣ ಕಚೇರಿಗೆ ಪ್ರಥಮ ದರ್ಜೆ ಸಹಾಯಕಿಯಾಗಿ ಸೇರಿ ನನಗೆ ಒಂಬತ್ತು ತಿಂಗಳಾಗಿತ್ತು. ಇನ್ನೂ ಪ್ರೊಬೇಷನ್ ಮುಗಿದಿರಲಿಲ್ಲ. ಕಚೇರಿ ಇದ್ದದ್ದು ಪೀಣ್ಯದ ಒಳರಸ್ತೆಯಲ್ಲಿ, ಊರಿನ ಹಳೇ ರೈತರೊಬ್ಬರು ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದ ಮನೆಯ ಮಹಡಿಯಲ್ಲಿ. ಕೆಳಗೆ ಅವರ ಎಮ್ಮೆಗಳು, ಮೇಲೆ ನಮ್ಮ ಕಡತಗಳು. ಸುತ್ತಲೂ ಲೇತ್ ಶೆಡ್ಡುಗಳು. ಬೆಳಗಿನಿಂದ ಸಂಜೆವರೆಗೆ ಕಬ್ಬಿಣ ಕೊರೆಯುವ ಸದ್ದು. ಕರೆಂಟು ಹೋದಾಗ ಮಾತ್ರ ಕಾಗೆಗಳ ದನಿ ಕೇಳಿಸುತ್ತಿತ್ತು.

ಕಚೇರಿಯಲ್ಲಿ ಹೆಂಗಸರಿಗೆ ಕಕ್ಕಸು ಇರಲಿಲ್ಲ. ಹೆಂಗಸು ಅಂದರೆ ನಾನೊಬ್ಬಳೇ. ಹೀಗಾಗಿ ದಿನಕ್ಕೆ ಎರಡು ಸಲ, ಹನ್ನೊಂದಕ್ಕೆ ಒಮ್ಮೆ, ಮೂರಕ್ಕೆ ಒಮ್ಮೆ, ರಸ್ತೆಯ ಕೊನೆಯಲ್ಲಿದ್ದ ನಮ್ಮದೇ ಇಲಾಖೆಯ ಶಿಶುವಿಹಾರಕ್ಕೆ ನಡೆದು ಹೋಗುತ್ತಿದ್ದೆ. ನಾನು ಎದ್ದಾಗ ನಮ್ಮ ಸೂಪರಿಂಟೆಂಡೆಂಟರು ತಮ್ಮ ಕಡತದ ಮೇಲೆ ಇನ್ನಷ್ಟು ಬಗ್ಗುತ್ತಿದ್ದರು. ಅದು ಅವರ ಮರ್ಯಾದೆ. ಆ ವಿಷಯ ನಾವಿಬ್ಬರೂ ಒಂದು ಸಲವೂ ಮಾತಾಡಲಿಲ್ಲ.

ಶಿಶುವಿಹಾರ ಎಂದರೆ ಶೀಟು ಹೊದಿಸಿದ ಒಂದೇ ಕೋಣೆ, ಹಿಂದೆ ನೀರಿನ ತೊಟ್ಟಿ, ಪಕ್ಕದಲ್ಲಿ ಕಕ್ಕಸು. ಸುತ್ತಲ ಶೆಡ್ಡುಗಳಲ್ಲಿ ಕೆಲಸ ಮಾಡುವ ಹೆಂಗಸರು ಬೆಳಿಗ್ಗೆ ಸೈರನ್ನಿಗೆ ಮುಂಚೆ ಮಕ್ಕಳನ್ನು ಅಲ್ಲಿ ಬಿಟ್ಟು ಹೋಗುತ್ತಿದ್ದರು. ಇಪ್ಪತ್ತೆರಡು ಮಕ್ಕಳು. ಜಂತಿಗೆ ಕಟ್ಟಿದ ಹಳೇ ಸೀರೆಯ ಜೋಲಿಗಳಲ್ಲಿ ನಾಲ್ಕು ಕೂಸುಗಳು. ಇವರಷ್ಟನ್ನೂ ನೋಡಿಕೊಳ್ಳುತ್ತಿದ್ದವಳು ಒಬ್ಬಳು ಆಯಮ್ಮ, ಅದೇ ಊರಿನವಳು, ನಲವತ್ತು ದಾಟಿದವಳು. ಕೈಗಾರಿಕಾ ಪ್ರದೇಶಕ್ಕೆಂದು ಸರ್ಕಾರ ಜಮೀನು ತೆಗೆದುಕೊಂಡಾಗ ಅವರ ಹೊಲವೂ ಹೋಗಿತ್ತು. “ಈ ತೊಟ್ಟಿ ಐತಲ್ಲ ಅಮ್ಮೋರೆ, ಇಲ್ಲಿಂದ ಆ ಕಂಬದ್ ಗಂಟ ನಮ್ ಅವರೆಕಾಯಿ” ಎಂದು ನಾನು ಹೋದ ಮೊದಲ ದಿನವೇ ತೋರಿಸಿದ್ದಳು. ಅದರಲ್ಲಿ ದೂರು ಇರಲಿಲ್ಲ, ದಾರಿ ಹೇಳಿದ ಹಾಗೆ ಇತ್ತು. ನಾನು ಹೋದಾಗಲೆಲ್ಲ ಕೇಳುವ ಮೊದಲೇ ಒಂದು ಚೊಂಬು ನೀರು ತುಂಬಿ ಬಾಗಿಲಲ್ಲಿ ಇಡುತ್ತಿದ್ದಳು.

ಆ ಹೆಂಗಸರಲ್ಲಿ ಮೋಟರಿಗೆ ತಾಮ್ರದ ತಂತಿ ಸುತ್ತುವ ಒಬ್ಬಳಿದ್ದಳು. ಶಿಶುವಿಹಾರ ತೆರೆಯುವ ಮೊದಲು ಅವಳು ಮೊದಲ ಮಗುವಿನ ಕಾಲಿಗೆ ಬಟ್ಟೆ ಕಟ್ಟಿ, ಇನ್ನೊಂದು ತುದಿಯನ್ನು ಬೆಂಚಿನ ಕಾಲಿಗೆ ಕಟ್ಟಿ ಕೆಲಸ ಮಾಡುತ್ತಿದ್ದಳಂತೆ. ಈಗ ಎರಡನೆಯದು ಜೋಲಿಯಲ್ಲಿ ಮಲಗುತ್ತಿತ್ತು.

ಇಲಾಖೆಗೆ ಇಂಥ ಶಿಶುವಿಹಾರ ಇದೊಂದೇ ಇದ್ದುದರಿಂದ, ಈ ಮಕ್ಕಳಿಗೆ ಹಾಲಿನಪುಡಿ ಕೊಳ್ಳಲು, ಆಯಮ್ಮನಿಗೆ ಗೌರವಧನ ಕೊಡಲು ರಾಜ್ಯದ ಬಜೆಟ್ಟಿನಲ್ಲಿ ಒಂದು ಸಾಲು ಇತ್ತು. ಎರಡಕ್ಕೂ ಸೇರಿ ಒಂದೇ ಸಾಲು.

ವಿಶ್ವವಿದ್ಯಾಲಯದಲ್ಲಿ ಓದುವಾಗ ಬಜೆಟ್ಟು ಮೇಲಿನಿಂದ ಕೆಳಗೆ ಇಳಿಯುತ್ತದೆ ಅಂದುಕೊಂಡಿದ್ದೆ. ಮಾರಾಟ ತೆರಿಗೆ, ಸಾರಾಯಿಯ ಸುಂಕ, ವಾಹನ ತೆರಿಗೆ, ಕೇಂದ್ರ ಕೊಡುವ ಪಾಲು, ಸಾಕಾಗದಿದ್ದಷ್ಟಕ್ಕೆ ಸಾಲ. ಅಲ್ಲಿಂದ ಶಾಲೆಗೆ, ಆಸ್ಪತ್ರೆಗೆ, ರಸ್ತೆಗೆ. ಕಚೇರಿಗೆ ಬಂದ ಮೇಲೆ ಅದು ಕೆಳಗಿನಿಂದ ಮೇಲಕ್ಕೂ ಹತ್ತುತ್ತದೆ ಎಂದು ತಿಳಿಯಿತು. ಚಳಿಗಾಲದಲ್ಲಿ ನಮ್ಮಂಥ ಪ್ರತಿಯೊಂದು ಸಣ್ಣ ಕಚೇರಿಯೂ ಈ ವರ್ಷ ಎಷ್ಟು ಕೊಟ್ಟಿದ್ದರು, ಎಷ್ಟು ಖರ್ಚಾಯಿತು, ಮಾರ್ಚಿನೊಳಗೆ ಎಷ್ಟು ಉಳಿಯುತ್ತದೆ, ಯಾಕೆ ಉಳಿಯುತ್ತದೆ ಎಂದು ಬರೆದು ಕಳಿಸಬೇಕು. ಅದು ಜಿಲ್ಲೆಗೆ, ಅಲ್ಲಿಂದ ನಿರ್ದೇಶಕರಿಗೆ, ಅಲ್ಲಿಂದ ಸಚಿವಾಲಯಕ್ಕೆ ಹೋಗುತ್ತದೆ. ಒಂದೊಂದು ಮೆಟ್ಟಿಲಲ್ಲೂ ಅಂಕಿಗಳನ್ನು ಕೂಡುತ್ತಾರೆ. ಕಾರಣಗಳನ್ನು ಕೂಡಲು ಬರುವುದಿಲ್ಲ, ಆದ್ದರಿಂದ ಯಾವುದೋ ಒಂದನ್ನು ಇಟ್ಟುಕೊಳ್ಳುತ್ತಾರೆ.

ಆ ವರ್ಷ ಶಿಶುವಿಹಾರದ ಸಾಲಿನಲ್ಲಿ ಹಾಲಿನಪುಡಿಯ ಹಣ ಪೂರ್ತಿ ಉಳಿದಿತ್ತು. ಹಣ ಬಿಡುಗಡೆಯ ಆದೇಶ ಬಂದದ್ದೇ ಆಗಸ್ಟಿನಲ್ಲಿ. ಮೂರು ಅಂಗಡಿಗಳಿಂದ ದರಪಟ್ಟಿ ತರಿಸಬೇಕಿತ್ತು, ತರಿಸಿದೆವು. ಮೂರರಲ್ಲಿ ಒಂದಕ್ಕೆ ಮೊಹರು ಇಲ್ಲವೆಂದು ಜಿಲ್ಲಾ ಕಚೇರಿ ಹಿಂದಕ್ಕೆ ಕಳಿಸಿತು. ಮೊಹರು ಹಾಕಿಸಿ ಕಳಿಸುವಷ್ಟರಲ್ಲಿ ಪುಡಿಯ ಬೆಲೆ ಏರಿ ಅಂಗಡಿಯವನು ಹಳೇ ದರಕ್ಕೆ ಒಲ್ಲೆ ಎಂದ. ಮತ್ತೆ ಮೂರು ದರಪಟ್ಟಿ. ಡಿಸೆಂಬರ್ ಬಂತು. ಒಂದು ಡಬ್ಬವೂ ಬರಲಿಲ್ಲ.

ಮಕ್ಕಳು ಹಸಿದುಕೊಂಡು ಇರಲಿಲ್ಲ. ಪ್ರತಿ ತಾಯಿಯೂ ಬೆಳಿಗ್ಗೆ ಮಗುವಿನ ಜೊತೆ ಒಂದು ಹಿಡಿ ರಾಗಿಹಿಟ್ಟನ್ನು ಕಾಗದದಲ್ಲಿ ಕಟ್ಟಿ ತರಬೇಕು ಎಂದು ಆಯಮ್ಮ ಕಟ್ಟಳೆ ಮಾಡಿದ್ದಳು. ಹತ್ತು ಗಂಟೆಗೆ ಒಂದು ದೊಡ್ಡ ಪಾತ್ರೆಯಲ್ಲಿ ಗಂಜಿ ಕಾಯಿಸಿ, ತನ್ನ ಮನೆಯಿಂದ ತಂದ ಬೆಲ್ಲ ಹಾಕಿ ಕುಡಿಸುತ್ತಿದ್ದಳು. ಹಿಟ್ಟು ತರದೆ ಬಂದವಳಿಗೆ ಬೈಗುಳ ಸಿಗುತ್ತಿತ್ತು, ಅವಳ ಮಗುವಿಗೆ ಗಂಜಿಯೂ ಸಿಗುತ್ತಿತ್ತು.

“ಸರ್ಕಾರದ್ ಆಲು ಎಲ್ಲಿಗ್ ಬಂತು ಅಮ್ಮೋರೆ?” ಎಂದು ವಾರಕ್ಕೊಮ್ಮೆ ಕೇಳುತ್ತಿದ್ದಳು.

“ಬರುತ್ತೆ. ಫೈಲು ಜಿಲ್ಲಾ ಕಚೇರಿಲಿದೆ.”

“ಅಲ್ಲಿ ಕುಡಿಯೋರು ಯಾರವ್ರೆ, ಫೈಲ್ನ?” ಎಂದು ನಗುತ್ತಿದ್ದಳು. ಒಂದು ದಿನ ಎದುರಿನ ಸಾರಾಯಿ ಅಂಗಡಿಯ ಕಡೆ ಮೊಂಡು ಪೊರಕೆ ತೋರಿಸಿ, “ಅಲ್ಲಿ ನಮ್ ಗಂಡಸ್ರು ಸಾಯಂಕಾಲ ಆಕೋ ದುಡ್ಡೇ ತಾನೆ ಇಲ್ಲಿ ಆಲಾಗಿ ಬರೋದು? ದಿನಾ ತಪ್ಪದಂಗೆ ಆಕ್ತಾವ್ರಪ್ಪ. ಅವ್ರ ಕಡೆಯಿಂದ ಏನೂ ಬಾಕಿ ಇಲ್ಲ” ಅಂದಳು.

ಎರಡು ವರ್ಷ ಓದಿದ್ದನ್ನು ಅವಳು ಇಷ್ಟರಲ್ಲಿ ಹೇಳಿಬಿಟ್ಟಿದ್ದಳು. ಪೂರ್ತಿ ಹಾಗಲ್ಲ, ಎಲ್ಲ ಹಣವೂ ಒಂದೇ ಬೊಕ್ಕಸಕ್ಕೆ ಹೋಗಿ ಅಲ್ಲಿಂದ ಹಂಚಿಕೆಯಾಗುತ್ತದೆ ಎಂದು ವಿವರಿಸಲು ಹೊರಟೆ. “ಅಂಗಾದ್ರೆ ಬೊಕ್ಕಸದಾಗೆ ಯಾರೋ ಮುಂದೆ ನಿಂತವ್ರೆ ಬುಡಿ, ನಮ್ ಸರದಿ ಬರ್ತಿಲ್ಲ” ಎಂದು ಅವಳು ಗುಡಿಸಲು ಹೋದಳು.

ಆ ಡಿಸೆಂಬರಿನ ಬೆಳಿಗ್ಗೆ ನಮೂನೆಯ ಮುಂದೆ ಕೂತಾಗ ನನಗೆ ಇದೆಲ್ಲ ಗೊತ್ತಿತ್ತು. ಆದೇಶ ತಡವಾದದ್ದು, ಮೊಹರು, ಬೆಲೆ ಏರಿದ್ದು, ರಾಗಿಹಿಟ್ಟು. ಚಿಕ್ಕ ಅಕ್ಷರದಲ್ಲಿ ಒಂದು ಬೇರೆ ಹಾಳೆಯ ಮೇಲೆ ಬರೆದು ನೋಡಿದೆ. ಎರಡು ಬೆರಳಗಲದಲ್ಲಿ ಅದು ಹಿಡಿಸಲಿಲ್ಲ.

ನಮ್ಮ ಸೂಪರಿಂಟೆಂಡೆಂಟರು ಆರು ತಿಂಗಳಲ್ಲಿ ನಿವೃತ್ತರಾಗುವವರು. ಕಡತ ಕಟ್ಟುವ ಬಿಳಿ ಲಾಡಿಯ ತುದಿಯಿಂದ ಕನ್ನಡಕ ಒರೆಸಿಕೊಳ್ಳುತ್ತ ನನ್ನ ಮೇಜಿನ ಹತ್ತಿರ ಬಂದರು.

“ಏನಮ್ಮ, ಒಂದು ಕಾಲಂಗೆ ಅರ್ಧ ದಿನವಾ?”

“ಕಾರಣ ಹಿಡಿಸ್ತಾ ಇಲ್ಲ ಸಾರ್.”

“ಹಿಡಿಸಬಾರ್ದು ಅಂತಾನೇ ಅಷ್ಟು ಚಿಕ್ಕದು ಮಾಡಿರೋದು. ‘ಅಗತ್ಯ ಬೀಳಲಿಲ್ಲ’ ಅಂತ ಬರಿ. ಮೂವತ್ತೆರಡು ವರ್ಷದಿಂದ ಬರೀತಿದೀನಿ, ಇವತ್ತಿನವರೆಗೂ ಒಬ್ಬ ತಿರುಗಿ ಕೇಳಿಲ್ಲ. ಮೊಹರು, ದರಪಟ್ಟಿ ಅಂತ ಬರೆದ್ಯೋ, ಹನ್ನೆರಡು ಪ್ರಶ್ನೆ ಬರುತ್ತೆ.”

ಅವರು ಮೋಸ ಹೇಳಿಕೊಡುತ್ತಿರಲಿಲ್ಲ. ಉಳಿದ ಹಣ ಹೇಗೂ ವಾಪಸ್ಸು ಹೋಗುತ್ತದೆ, ಯಾಕೆ ಉಳಿಯಿತು ಎಂದು ಯಾರೂ ಓದುವುದಿಲ್ಲ ಎಂಬುದು ಅವರ ಅನುಭವ. ನಾನು ಬರೆದೆ. ನನ್ನ ಅಕ್ಷರ ದುಂಡಗಿದೆ. ‘ಅಗತ್ಯ ಬೀಳಲಿಲ್ಲ’ ಎನ್ನುವುದು ಆ ಕಾಲಂನಲ್ಲಿ ಎಡಬಲ ಸಮ ಜಾಗ ಬಿಟ್ಟು ಚೆನ್ನಾಗಿ ಕೂತಿತು. ಅದು ಕೂತ ರೀತಿಗೆ ನನಗೆ ಸ್ವಲ್ಪ ಸಮಾಧಾನವೂ ಆಯಿತು ಎಂಬುದನ್ನು ಬಚ್ಚಿಡಲಾರೆ. ಅವರು ಸಹಿ ಹಾಕಿದರು. ಅಂದೇ ಟಪಾಲಿಗೆ ಹೋಯಿತು.

ಮಾರ್ಚಿನಲ್ಲಿ ಬಜೆಟ್ಟು ಮಂಡನೆಯಾಯಿತು. ನಾವಿದ್ದದ್ದು ಸರ್ಕಾರಿ ಕಾರ್ಖಾನೆಯ ಕ್ವಾರ್ಟರ್ಸ್‌ನಲ್ಲಿ. ಅಪ್ಪ ಆ ಕಾರ್ಖಾನೆಯಲ್ಲಿ ಲೇತ್ ನಡೆಸುವ ಟರ್ನರ್. ನಮ್ಮ ಮನೆಯಲ್ಲಿ ಬಜೆಟ್ಟೆಂದರೆ ಯಾವುದು ತುಟ್ಟಿಯಾಯಿತು ಎನ್ನುವುದಷ್ಟೇ. ಅಪ್ಪ ಪತ್ರಿಕೆಯನ್ನು ನಾಲ್ಕಾಗಿ ಮಡಚಿ ಹಿಡಿದು, “ಸಿಗರೇಟಿಗೆ ಹಾಕಿದಾನೆ, ಸಾರಾಯಿಗೆ ಹಾಕಿದಾನೆ. ನಮಗೇನೂ ಇಲ್ಲ ಬಿಡು. ನಿಮ್ಮ ಇಲಾಖೆಗೇನಮ್ಮ?” ಎಂದು ಕೇಳಿದರು. ಪತ್ರಿಕೆಯಲ್ಲಿ ನಮ್ಮ ಇಲಾಖೆ ಇರಲಿಲ್ಲ.

ಹತ್ತು ದಿನದ ಮೇಲೆ ಸೂಪರಿಂಟೆಂಡೆಂಟರು ಜಿಲ್ಲಾ ಕಚೇರಿಯಿಂದ ಬಜೆಟ್ಟಿನ ದಪ್ಪ ಸಂಪುಟವೊಂದನ್ನು ಎರವಲು ತಂದರು. ಮಧ್ಯಾಹ್ನ, ಕರೆಂಟಿಲ್ಲದ ಸೆಕೆಯಲ್ಲಿ, ನಾನು ಅದರಲ್ಲಿ ನಮ್ಮ ಸಾಲು ಹುಡುಕಿದೆ. ಸಾಲು ಇತ್ತು. ಹೋದ ವರ್ಷ ಕೊಟ್ಟ ಹಣ ಇತ್ತು. ಮುಂದಿನ ವರ್ಷದ ಕಾಲಂನಲ್ಲಿ ಅಂಕಿಯ ಬದಲು ಮೂರು ಚುಕ್ಕಿ ಇದ್ದವು. ಆ ಪುಸ್ತಕದಲ್ಲಿ ಏನೂ ಇಲ್ಲ ಎನ್ನುವುದನ್ನು ಹಾಗೆ ತೋರಿಸುತ್ತಾರೆ.

ಪುಡಿಗೂ ಇಲ್ಲ, ಆಯಮ್ಮನಿಗೂ ಇಲ್ಲ. ಎರಡೂ ಒಂದೇ ಸಾಲು. ಏಪ್ರಿಲ್ ಒಂದರಿಂದ ಶಿಶುವಿಹಾರದ ಬಾಗಿಲು ತೆಗೆಯುವುದಕ್ಕೆ ಯಾರಿಗೂ ಸಂಬಳವಿಲ್ಲ.

“ಅಚ್ಚಿನ ತಪ್ಪಿರಬೇಕು” ಎಂದರು ಸೂಪರಿಂಟೆಂಡೆಂಟರು. ಅವರಿಗೂ ಅದರಲ್ಲಿ ನಂಬಿಕೆ ಇದ್ದಂತೆ ಕಾಣಲಿಲ್ಲ. ಮಾರನೇ ದಿನ ಇಬ್ಬರೂ ಎರಡು ಬಸ್ಸು ಬದಲಿಸಿ ಸಚಿವಾಲಯಕ್ಕೆ ಹೋದೆವು.

ಅಲ್ಲಿ ನಮ್ಮ ಇಲಾಖೆಯ ಅಂಕಿಗಳನ್ನು ನೋಡುತ್ತಿದ್ದ ಶಾಖಾಧಿಕಾರಿಗೆ ಐವತ್ತರ ಹತ್ತಿರ ವಯಸ್ಸು. ಹೆಬ್ಬೆರಳಿಗೆ ರಬ್ಬರ್ ಟೋಪಿ ಹಾಕಿಕೊಂಡಿದ್ದರು, ಪುಟ ತಿರುಗಿಸಲು. ಎರಡು ತಿಂಗಳಿಂದ ಭಾನುವಾರವಿಲ್ಲದೆ ಕೆಲಸ ಮಾಡಿದ ಕಣ್ಣುಗಳು. ನಮ್ಮನ್ನು ಕೂರಿಸಿದರು. ನಮ್ಮ ಪತ್ರವನ್ನು ಹುಡುಕಿ ತೆಗೆದು ನನ್ನ ಅಕ್ಷರವನ್ನು ನನ್ನ ಕಡೆಗೇ ತಿರುಗಿಸಿದರು.

“ನೀವೇ ಬೇಡ ಅಂದ್ರಲ್ಲಮ್ಮ.”

“ಅದು ಬೇಡ ಅಂತ ಅಲ್ಲ ಸಾರ್. ಕೊಳ್ಳೋಕೆ ಆಗಲಿಲ್ಲ.”

“ಹಾಗಂತ ಇಲ್ಲಿಲ್ಲ. ಶಿಶುವಿಹಾರ ಮುಚ್ಚಿತ್ತಾ?”

“ಇಲ್ಲ.”

“ಮಕ್ಕಳು ಬರ್ತಿದ್ರಾ?”

“ದಿನಾ ಬರ್ತಿದ್ರು.”

“ಹಾಲಿಲ್ಲದೆ ನಡೀತಲ್ಲ ಹಾಗಾದ್ರೆ.”

ನಾನು ರಾಗಿಹಿಟ್ಟಿನ ವಿಷಯ ಹೇಳಿದೆ. ಅವರು ನಗಲಿಲ್ಲ. ಸಂಪುಟವನ್ನು ಹತ್ತಿರ ಎಳೆದುಕೊಂಡು ರಬ್ಬರ್ ಟೋಪಿಯ ಬೆರಳಿನಿಂದ ಒಂದೊಂದೇ ಜಾಗ ಮುಟ್ಟಿ ತೋರಿಸಿದರು. “ಇದು ಸಂಬಳ, ಮುಟ್ಟೋ ಹಾಗಿಲ್ಲ. ಇದು ಪೆನ್ಶನ್, ಮುಟ್ಟೋ ಹಾಗಿಲ್ಲ. ಇದು ಸಾಲದ ಬಡ್ಡಿ. ಅಣೆಕಟ್ಟಿಗೆ ತಂದಿದ್ದು, ವಿದ್ಯುತ್ತಿಗೆ ತಂದಿದ್ದು, ಹಳೇ ಸಾಲ ತೀರಿಸೋಕೆ ತಂದ ಹೊಸ ಸಾಲದ್ದು. ಇದನ್ನ ಸದನ ಮತಕ್ಕೂ ಹಾಕಲ್ಲ. ಯಾರೂ ಬೇಡ ಅನ್ನೋ ಹಾಗಿಲ್ಲ. ಬಡ್ಡಿಗೆ ಕಾರಣದ ಕಾಲಂ ಇಲ್ಲಮ್ಮ. ಕಾರಣದ ಕಾಲಂ ಇರೋದು ನಿಮ್ಮಂಥ ಸಾಲುಗಳಿಗೆ ಮಾತ್ರ. ಕೊನೇ ವಾರ ಕಡಿಮೆ ಮಾಡಿ ಅಂತ ಮೇಲಿಂದ ಬರುತ್ತೆ. ಎಲ್ಲಿ ಮಾಡ್ಲಿ? ಯಾರು ತಾವಾಗೇ ಬೇಡ ಅಂದಿದಾರೋ ಅಲ್ಲಿ. ತೆಗೆದ್ರೆ ಸಾಲೇ ಪೂರ್ತಿ, ಅರ್ಧ ತೆಗೆಯೋಕೆ ಬರಲ್ಲ.”

ನಾನು ದಿನಾ ಶಿಶುವಿಹಾರಕ್ಕೆ ನಡೆಯುವ ರಸ್ತೆಯ ಮೇಲೆ ವಿದ್ಯುತ್ತಿನ ದಪ್ಪ ತಂತಿಗಳು ಹಾದು ಹೋಗುತ್ತವೆ. ಅದೇ ಸಾಲದಿಂದ ಬಂದ ವಿದ್ಯುತ್ತು ಲೇತುಗಳನ್ನು ತಿರುಗಿಸುತ್ತದೆ, ಅದೇ ಲೇತುಗಳಿಂದ ತೆರಿಗೆ ಬರುತ್ತದೆ. ಬಡ್ಡಿ ಅನ್ಯಾಯದ್ದೆಂದು ನನಗೆ ಅನ್ನಿಸಲಿಲ್ಲ. ಯಾರ ಮೇಲಾದರೂ ಸಿಟ್ಟು ಬಂದಿದ್ದರೆ ಸುಲಭವಾಗುತ್ತಿತ್ತು.

ದಾರಿ ಇತ್ತು. ಮಳೆಗಾಲದ ಅಧಿವೇಶನದಲ್ಲಿ ಪೂರಕ ಅಂದಾಜು ಮಂಡಿಸುತ್ತಾರೆ, ಬಿಟ್ಟುಹೋದದ್ದನ್ನು ಅದರಲ್ಲಿ ಸೇರಿಸಬಹುದು. “ಆದ್ರೆ ಡಿಸೆಂಬರಲ್ಲಿ ಬೇಡ ಅಂದೋರು ಈಗ ಬೇಕು ಅಂತೀರಿ. ಹಿಂದೆ ಕೊಟ್ಟ ಕಾರಣ ತಪ್ಪು ಅಂತ ಯಾರಾದ್ರೂ ಬರವಣಿಗೇಲಿ ಒಪ್ಪಬೇಕು. ಅದೇ ನಮೂನೆ ಮತ್ತೆ ಕೊಡಿ, ವಿವರಣೆ ಜೊತೆಗೆ. ವಾರದೊಳಗೆ ಬಂದ್ರೆ ನಾನು ಇಡ್ತೀನಿ. ಆಮೇಲಿಂದು ಹೇಳೋಕಾಗಲ್ಲ.” ಒಂದು ಖಾಲಿ ನಮೂನೆ ಕೊಟ್ಟರು. ಅದೇ ಏಳು ಕಾಲಂ.

ವಾಪಸ್ಸು ಬರುವಾಗ ಬಸ್ಸು ಯಶವಂತಪುರ ದಾಟಿತು. ಸೂಪರಿಂಟೆಂಡೆಂಟರು ಕಿಟಕಿಯ ಕಡೆ ನೋಡುತ್ತಲೇ ಹೇಳಿದರು.

“ನನ್ನ ಪೆನ್ಶನ್ ಕಾಗದ ಹೋದ ತಿಂಗಳು ಹೋಗಿದೆಯಮ್ಮ. ಈಗ ಒಂದು ರಿಮಾರ್ಕ್ ಬಿತ್ತು ಅಂದ್ರೆ ಅದು ಎಲ್ಲಿದೆಯೋ ಅಲ್ಲೇ ಕೂರುತ್ತೆ.”

“ಗೊತ್ತು ಸಾರ್.”

“ಬರೀಬೇಡ ಅಂತ ಹೇಳ್ತಿಲ್ಲ. ಆ ಮಾತು ಬರಿ ಅಂದಿದ್ದು ನಾನು. ಬರಿ ಅಂತ ಹೇಳೋಕೂ ಬಾಯಿ ಬರ್ತಿಲ್ಲ, ಬೇಡ ಅನ್ನೋಕೂ ಬರ್ತಿಲ್ಲ.” ಟಿಕೆಟ್ಟನ್ನು ಮಡಚುತ್ತ, “ನಿನ್ನ ಪ್ರೊಬೇಷನ್ನೂ ಇದೆ, ನೋಡ್ಕೊ” ಅಂದರು.

ನಾನು ಒಂದು ಸ್ಟಾಪು ಮುಂಚೆ ಇಳಿದು ಶಿಶುವಿಹಾರಕ್ಕೆ ನಡೆದೆ. ಐದೂವರೆ ದಾಟಿತ್ತು. ತಾಯಂದಿರು ಮಕ್ಕಳನ್ನು ಕರೆದುಕೊಂಡು ಹೋಗುವ ಹೊತ್ತು. ತಂತಿ ಸುತ್ತುವವಳು ಕೂಸನ್ನು ಸೊಂಟಕ್ಕೆ ಏರಿಸಿಕೊಳ್ಳುತ್ತಿದ್ದಳು. ಅವಳ ಬೆರಳ ತುದಿಗಳಲ್ಲಿ ತಂತಿ ಕುಯ್ದ ಗೀರುಗಳಿದ್ದವು. ಅವರೆಲ್ಲ ಹೋಗುವವರೆಗೆ ಕಾದೆ. ಆಯಮ್ಮ ಅಭ್ಯಾಸದಂತೆ ಚೊಂಬಿಗೆ ಕೈ ಹಾಕಿದಳು. ಬೇಡ ಎಂದೆ.

ನನಗೆ ಮಾತು ಸುತ್ತಿಬಳಸಿ ಹೇಳಲು ಬರುವುದಿಲ್ಲ. ಮುಂದಿನ ವರ್ಷಕ್ಕೆ ಹಣ ಇಟ್ಟಿಲ್ಲ, ಹಾಲಿಗೂ, ನಿಮಗೂ. ಅಗತ್ಯ ಬೀಳಲಿಲ್ಲ ಎಂದು ಬರೆದು ಕಳಿಸಿದವಳು ನಾನೇ ಎಂದು ಹೇಳಿದೆ.

ಅವಳು ಗಂಜಿಯ ಪಾತ್ರೆಯನ್ನು ಬೋರಲು ಹಾಕಿ ಅದರ ಮೇಲೆ ಕೂತಳು.

“ನೀವು ಬರ್ದಿದ್ದು ಸುಳ್ಳೇನಲ್ವಲ್ಲ ಅಮ್ಮೋರೆ. ಎಂಗೋ ನಡೀತಲ್ಲ.”

ಅವಳು ಜೋಲಿಗಳ ಕಡೆ ನೋಡಿದಳು.

“ನಾ ಬಾಗ್ಲು ತೆಗೀತೀನಿ ಬುಡಿ. ಅವ್ರು ಕೊಟ್ಟಾಗ ಕೊಡ್ಲಿ. ಇಟ್ಟು ಎಂಗಿದ್ರೂ ಬತ್ತದೆ. ಈ ಮಕ್ಳ್ನ ಎಲ್ಲಿಗ್ ಕಳ್ಸನ? ಬೆಂಚಿನ್ ಕಾಲಿಗ್ ಕಟ್ತಾರೆ ಮತ್ತೆ.”

ಬೇಡ, ತೆಗೆಯಬೇಡಿ ಎಂದು ಹೇಳಬೇಕಿತ್ತು. ಸಂಬಳವಿಲ್ಲದೆ ನೀವು ನಡೆಸಿದರೆ ಮುಂದಿನ ಡಿಸೆಂಬರಿನಲ್ಲಿ ಅದನ್ನೂ ನೋಡಿ, ಆಯಮ್ಮನಿಗೂ ಹಣ ಬೇಕಿಲ್ಲ, ನಡೆಯುತ್ತಿದೆಯಲ್ಲ ಎನ್ನುತ್ತಾರೆ ಎಂದು ಹೇಳಬೇಕಿತ್ತು. ಲೆಕ್ಕದ ಪ್ರಕಾರ ಅದೇ ಸರಿ. ಮೂರು ತಿಂಗಳು ಬೀಗ ಹಾಕಿದ್ದರೆ ಆ ಸಾಲಿಗೆ ಅದಕ್ಕಿಂತ ಒಳ್ಳೆಯ ಕಾರಣ ಇರುತ್ತಿರಲಿಲ್ಲ. ಅಷ್ಟರಲ್ಲಿ ಅವಳು ಎದ್ದು ಒಂದು ಜೋಲಿ ಬಿಚ್ಚಿ, ಒದ್ದೆಯಾಗಿದೆಯೇ ಎಂದು ಕೆನ್ನೆಗೆ ಒತ್ತಿ ನೋಡಿ, ಒಗೆಯುವ ಬಟ್ಟೆಗಳ ಜೊತೆ ಹಾಕಿದಳು. ನಾನು ಹೇಳಲಿಲ್ಲ.

“ಊಟ ಮಾಡಿದ್ರಾ? ಮೊಕ ಬಾಡೋಗದೆ” ಅಂದಳು.

ಮನೆಗೆ ಹೋದೆ. ಮುಖ ಯಾಕೆ ಹೀಗಿದೆ ಎಂದು ಅಮ್ಮ ಕೇಳಿದ್ದಕ್ಕೆ ಬಿಸಿಲು ಎಂದೆ.

ಮರುದಿನ ಬೆಳಿಗ್ಗೆ ಒಂದು ಬಸ್ಸು ಮುಂಚೆ ಹೊರಟೆ. ಕಚೇರಿಯ ಬೀಗದ ಕೈ ಕೆಳಗಡೆ ಮನೆಯವರಲ್ಲಿ ಇರುತ್ತಿತ್ತು, ಎಮ್ಮೆ ಹಾಲು ಕರೆಯುತ್ತಿದ್ದವರು ಎದ್ದು ತಂದುಕೊಟ್ಟರು. ನಮೂನೆಯ ಆರು ಕಾಲಂಗಳಲ್ಲಿ ಅಂಕಿಗಳನ್ನು ತುಂಬಿದೆ. ಏಳನೆಯದರ ಅಂಚಿಗೆ ಗೋಂದು ಹಚ್ಚಿ, ಅಳತೆಗೆ ಕತ್ತರಿಸಿದ ಒಂದು ಬಿಳಿ ಹಾಳೆಯನ್ನು ಬಲಗಡೆಗೆ ಅಂಟಿಸಿದೆ. ಗೋಂದು ಒಣಗುವವರೆಗೆ ಅದರ ಮೇಲೆ ಅಡಿಪಟ್ಟಿ ಇಟ್ಟು ಕಾದೆ. ಆಮೇಲೆ ಬರೆದೆ. ಆದೇಶ ಬಂದ ತಿಂಗಳು, ಮೊಹರಿಲ್ಲದ ದರಪಟ್ಟಿ, ಏರಿದ ಬೆಲೆ. ತಾಯಂದಿರು ಮನೆಯಿಂದ ರಾಗಿಹಿಟ್ಟು ತಂದು ಮಕ್ಕಳಿಗೆ ಉಣಿಸಿದರೆಂದೂ, ಶಿಶುವಿಹಾರ ನಡೆದದ್ದನ್ನು ಅಗತ್ಯವಿಲ್ಲವೆಂದು ತಿಳಿಯಬಾರದೆಂದೂ, ಹಣ ಬರುವವರೆಗೆ ಆಯಮ್ಮ ಗೌರವಧನವಿಲ್ಲದೆ ಬಾಗಿಲು ತೆರೆದರೆ ಅದನ್ನೂ ಹಾಗೆ ತಿಳಿಯಬಾರದೆಂದೂ ಬರೆದೆ. ಹಿಂದಿನ ಕಾರಣವನ್ನು ನಾನು ತಪ್ಪಾಗಿ ನಮೂದಿಸಿದ್ದೆನೆಂದೂ, ಸಹಿಗೆ ಇಟ್ಟಾಗ ಸೂಪರಿಂಟೆಂಡೆಂಟರ ಗಮನಕ್ಕೆ ಅದನ್ನು ತಂದಿರಲಿಲ್ಲವೆಂದೂ ಬರೆದೆ. ಆ ಕೊನೆಯ ವಾಕ್ಯ ನಿಜವಲ್ಲ. ಅದನ್ನು ಬರೆಯುವಾಗಲೂ ಅಕ್ಷರ ದುಂಡಗೇ ಬಂತು.

ಹತ್ತಕ್ಕೆ ಸೂಪರಿಂಟೆಂಡೆಂಟರು ಬಂದರು. ನಿಂತೇ ಓದಿದರು, ಎರಡು ಸಲ. ಕನ್ನಡಕ ತೆಗೆದು ಲಾಡಿಯಿಂದ ಒರೆಸಿಕೊಂಡರು. ನಂತರ ‘ಶಿಫಾರಸು ಮಾಡಿದೆ’ ಎಂದು ಬರೆದು ಸಹಿ ಹಾಕಿ, ಕಾಗದವನ್ನು ನನ್ನ ಕೈಗೇ ಕೊಟ್ಟು, ತಮ್ಮ ಜಾಗಕ್ಕೆ ಹೋಗಿ ಕೂತರು.

ಅಂಟಿಸಿದ ಹಾಳೆಯನ್ನು ನಮೂನೆಯ ಒಳಕ್ಕೆ ಮಡಚಿ ಲಕೋಟೆಗೆ ಹಾಕಿದೆ. ಟಪಾಲಿಗೆ ಹಾಕದೆ, ಅರ್ಧ ದಿನದ ರಜೆ ಬರೆದುಕೊಟ್ಟು, ಸಚಿವಾಲಯದ ಕಡೆಗೆ ಬಸ್ಸು ಹಿಡಿದೆ.